ಮಾದಳದ ತೊಟ್ಟು

ತಾನೊಬ್ಬ ಒಳ್ಳೆಯ ಮನುಷ್ಯನಿರಬಹುದು ಎಂಬ ಗುಮಾನಿ ಗುರಲಿಂಗನಿಗೆ ಆ ಸೋಮವಾರ ಬೆಳಗಿನಿಂದಲೇ ಹತ್ತಿಕೊಂಡಿತ್ತು. ಐವತ್ತಾರು ವರ್ಷ ಸಾಂಗ್ಲಿಯ ಪೇಟೆಯಲ್ಲಿ ಕಳೆದವನಿಗೆ ಇಂಥ ಗುಮಾನಿ ಬರುವುದೇ ಅಪರೂಪ. ಬಂದರೆ ಎದೆ ಒಂದಿಷ್ಟು ಮುಂದೆ ಬರುತ್ತದೆ, ದನಿ ಒಂದಿಷ್ಟು ಕೆಳಗಿಳಿಯುತ್ತದೆ, ಸ್ಕೂಟರಿನ ಹಾರ್ನನ್ನು ಕೂಡ ಮೆತ್ತಗೆ ಒತ್ತಬೇಕೆನ್ನಿಸುತ್ತದೆ. ಸೀಗಿ ಹುಣ್ಣಿಮೆಗೆಂದು ತನ್ನ ಹಳ್ಳಿ ಬೇಡಗದ ಹೊಲಕ್ಕೆ ಬಂದಿದ್ದ. ಹೊಲ ನೋಡಿಕೊಳ್ಳುವ ಚಿಕ್ಕಪ್ಪನ ಹೆಂಡತಿ, ಕಾಕು ತುಳಸವ್ವ, ಪೈರಿನ ನಡುವೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಬಸುರಿ ಭೂಮಿತಾಯಿಗೆ ಉಡಿ ತುಂಬಿ, ಕಡಬು ಪುಂಡಿಪಲ್ಯ ಸಜ್ಜೆರೊಟ್ಟಿಯ ಚರಗವನ್ನು ನಾಲ್ಕು ದಿಕ್ಕಿಗೂ ಚೆಲ್ಲುತ್ತಿದ್ದರೆ, ಗುರಲಿಂಗ ಬಾವಿಯ ದಂಡೆಯ ಮಾದಳ ಗಿಡದ ಕೆಳಗೆ ಒಂದು ಹಣ್ಣನ್ನು ದಿಟ್ಟಿಸುತ್ತ ನಿಂತಿದ್ದ. ನಿಂಬೆಯ ಜಾತಿಯದೇ, ಆದರೆ ನಿಂಬೆಯ ಅಜ್ಜನ ಹಾಗೆ ಮೈತುಂಬ ಗಂಟು, ಸುಕ್ಕು. ಒಳಗೆ ರಸಕ್ಕಿಂತ ಸಿಪ್ಪೆಯೇ ಹೆಚ್ಚು. ಪೇಟೆಯ ಮರಾಠಿಯಲ್ಲಿ ಮಹಾಳುಂಗ. ಉಪ್ಪಿನಕಾಯಿಗೂ ಯಾರೂ ಕೇಳದ ಅಂಥ ಹಣ್ಣನ್ನು ಒಬ್ಬರು ಕೇಳಿದ್ದರು, ಅದೂ ತನ್ನನ್ನು ಹುಡುಕಿ ಕೇಳಿದ್ದರು. ಇವತ್ತು ಹೊತ್ತು ಮುಳುಗುವುದರೊಳಗೆ ಮಿರಜಕ್ಕೆ ಮುಟ್ಟಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ.

“ಭೂಮಿತಾಯಿಗೆ ಕೈ ಮುಗಿಯೋ ಅಂದ್ರ ಹಣ್ಣಿಗೆ ಮುಗದ ನಿಂತಿಯಲ್ಲೋ ಗುರಲಿಂಗಾ,” ಎಂದಳು ತುಳಸವ್ವ. “ಯಾರ ಮನೀಗದು?”

“ಮಿರಜದಾಗ ಗಾರ್ಡಸಾಹೇಬ್ರ ಅದಾರಲ್ಲ ಕಾಕು, ಯಹೂದಿ ಮಂದಿ. ಅವರದೂ ಇವತ್ತ ಸುಗ್ಗಿ ಹಬ್ಬ.”

“ಹೌದ? ಅವರ ಹೊಲ ಎಲ್ಲೈತಿ?”

“ಹೊಲಾ ಇಲ್ಲ.”

“ಹೊಲಾ ಇಲ್ಲದ ಸುಗ್ಗಿ ಎಂಥಾದ್ದೋ ಯಪ್ಪಾ!” ಎಂದು ಮುದುಕಿ ಒಂದು ಹಿಡಿ ಚರಗವನ್ನು ಅವನ ಕಡೆಗೂ ತೂರಿದಳು.

ಒಳ್ಳೆಯ ಮನುಷ್ಯರು ಹೆಂಗಸರ ಜೊತೆ ವಾದಕ್ಕಿಳಿಯುವುದಿಲ್ಲ. ಗುರಲಿಂಗ ಕಿಸೆಯಿಂದ ಮನೆಯ ಕತ್ತರಿ ತೆಗೆದು, ಹಣ್ಣಿನ ಮೇಲೆ ನಾಲ್ಕು ಬೆರಳು ಕಡ್ಡಿ ಬಿಟ್ಟು, ಎರಡು ಎಲೆ ಸಮೇತ ಕತ್ತರಿಸಿದ. ಔಷಧದ ಅಂಗಡಿಯಿಂದ ತಂದ ಹತ್ತಿಯನ್ನು ಆ ಕಡ್ಡಿಗೆ ಸುತ್ತಿದ, ಮೇಲೆ ದಾರ ಬಿಗಿದ. ಆ ತೊಟ್ಟಿಗೆ ಆದಷ್ಟು ಆರೈಕೆ ಯಾವ ಬಾಣಂತಿಗೂ ಆಗಿರಲಿಕ್ಕಿಲ್ಲ. ಆಮೇಲೆ ಹೆಗಲ ಮೇಲಿನ ಬಟ್ಟೆ ತೆಗೆದು ಹಣ್ಣನ್ನು ಒರೆಸತೊಡಗಿದ. ಇದು ಅಂಗಡಿಯ ಚಾಳಿ. ‘ಶುದ್ಧ ಶೇಂಗಾ ಎಣ್ಣೆ’ ಎಂಬ ಫಲಕದ ಕೆಳಗೆ ಮೂವತ್ತು ವರ್ಷ ಕೂತವನ ಕೈ, ಏನನ್ನೇ ಆಗಲಿ ಮೂರು ಸಲ ಒರೆಸದೆ ಗಿರಾಕಿಗೆ ಕೊಡುವುದಿಲ್ಲ. ಒಳಗೇನಿದೆಯೋ ಶಿವನೇ ಬಲ್ಲ, ಡಬ್ಬಿಯಂತೂ ಫಳಫಳ. ಮಾದಳವೂ ಫಳಫಳ ಆಯಿತು. ಕೆಳತುದಿಯಲ್ಲಿ ಒಣಗಿದ ಹೂವಿನ ಕಸದಂಥದ್ದೊಂದು ಕಂದು ಕುಡಿ ಒರಟಾಗಿ ಎದ್ದುಕೊಂಡಿತ್ತು. ಹೆಂಗಸರು ಬದನೆಕಾಯಿ ಹಸನು ಮಾಡುವ ಹಾಗೆ ಹೆಬ್ಬೆರಳಿನ ಉಗುರಿನಿಂದ ಅದನ್ನು ಚಟ್ಟನೆ ಚಿವುಟಿ, ಆ ಜಾಗವನ್ನು ಇನ್ನೆರಡು ಸಲ ತಿಕ್ಕಿ ನುಣ್ಣಗೆ ಮಾಡಿದ. ಬಟ್ಟೆಯನ್ನು ಮಡಿಸಿ ಸ್ಕೂಟರಿನ ಡಿಕ್ಕಿಗೆ ಹಾಕಿದ.

ದಾರಿಯುದ್ದಕ್ಕೂ, ಎಡಬಲಕ್ಕೆ ಕಬ್ಬು, ಮುಂದೆ ಎಮ್ಮೆಗಳ ಹಿಂಡು, ಅವನ ತಲೆಯೊಳಗೆ ಪೇಣಕರರ ಮನೆಯ ಪಡಸಾಲೆಯೇ. ಸ್ಯಾಮ್‌ಸನ್ ಪೇಣಕರರು ಮಿರಜ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡಾಗಿ ನಿವೃತ್ತರಾದವರು, ಎಂಬತ್ನಾಲ್ಕರ ಮುದುಕರು, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಬೆನೆ ಇಸ್ರೇಲಿ ಎನ್ನುವ ಕೊಂಕಣದ ಯಹೂದಿ. ಮಿರಜದಲ್ಲಿ ಅವರ ಮಂದಿಯ ಇನ್ನೊಂದು ಮನೆಯನ್ನು ಗುರಲಿಂಗ ಕಂಡಿರಲಿಲ್ಲ. ಹುಬ್ಬಳ್ಳಿ ಲೈನಿನಲ್ಲಿ ಕಲಿತ ಕನ್ನಡವನ್ನು ಅವರು ಗುರಲಿಂಗನ ಜೊತೆ ಮಾತ್ರ ಆಡುತ್ತಿದ್ದರು; ಗುರಲಿಂಗನ ಮನೆಯಲ್ಲೂ ಹೆಂಡತಿ ಸುಮನ ಅರ್ಧ ಮರಾಠಿ, ಮಗಳು ಯೋಗಿತಾ ಪೂರ್ತಿ ಮರಾಠಿಯಾಗಿದ್ದರಿಂದ ಅವನಿಗೂ ಬಾಯಿ ಬಿಚ್ಚಿ ಕನ್ನಡ ಆಡಲು ಇದೊಂದೇ ಠಿಕಾಣಿ. ಶ್ರಾವಣದ ಒಂದು ಮಧ್ಯಾಹ್ನ ಮುದುಕರು ಕೇಳಿದ್ದರು: ನಿಮ್ಮ ಬೇಡಗದಾಗ ಮಹಾಳುಂಗದ ಗಿಡ ಐತೇನ್ರಿ? ಐವತ್ತು ವರ್ಷದಿಂದ ಅವರು ಆ ಹಬ್ಬಕ್ಕೆ, ಯಾವ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದರೆ ಅಲ್ಲಿ, ಮಾದಳದ ಬದಲು ನಿಂಬೆಹಣ್ಣು ಹಿಡಿದು ಪ್ರಾರ್ಥನೆ ಮಾಡಿಕೊಂಡು ಬಂದವರು. ನಿಂಬೆ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತು, ದೇವರಿಗೂ ಗೊತ್ತು, ಇಬ್ಬರೂ ಸುಮ್ಮನಿದ್ದರು.

“ಪುಣೆದಾಗ ಮಂದೀ ಹಣ್ಣ ಒಂದೊಂದ ಮಿನಿಟ ಹಿಡದೇನ್ರಿ. ಆದ್ರ ಮೊದಲನೇ ದಿನ ಸ್ವಂತದ್ದಿರಬೇಕು, ಕಸಿ ಮಾಡಿದ ಗಿಡದ್ದು ಆಗಬಾರದು. ಕಣ್ಣಂತೂ ಹೋದ್ವು. ಕೈ ಇರೂದ್ರಾಗ ಒಂದ ಸಲ ಖರೇದ್ದು ಹಿಡದ ನೋಡೂಣು ಅಂತ.”

“ನಮ್ಮ ಅಜ್ಜ ಹಚ್ಚಿದ ಗಿಡಾರಿ,” ಎಂದಿದ್ದ ಗುರಲಿಂಗ, ಎದೆ ಮುಂದೆ ಬಂದು. “ಕಸಿ ಗಿಸಿ ಏನೂ ಇಲ್ಲ.” ಅದು ನಿಜವೇ. ಅಡ್ಡಹೆಸರಿಗೆ ಕಸಿ ಮಾಡಿದ ಮನೆತನ, ಗಿಡಕ್ಕೆ ಮಾಡಿರಲಿಲ್ಲ.

ಆಗ ಮುದುಕರು ಮುಂದೆ ಬಾಗಿ ದನಿ ತಗ್ಗಿಸಿ ಹೇಳಿದ್ದರು: “ತೊಟ್ಟು ಜ್ವಾಪಾನ್ರಿ. ತೊಟ್ಟು ಹೋತಂದ್ರ ಹಣ್ಣ ಹೋತು.” ಹೇಳುವಾಗ ತೋರುಬೆರಳಿನಿಂದ ಅಂಗಿಯ ಮೇಲೆ ತಮ್ಮ ಎದೆಯನ್ನು ಎರಡು ಸಲ ಮುಟ್ಟಿಕೊಂಡು, ಯಾಕೋ ಒಂದಿಷ್ಟು ನಾಚಿಕೊಂಡರು. ಮನಸಾರೆ ಕೇಳಿಕೊಳ್ಳುತ್ತಿದ್ದಾರೆ ಎಂದು ಗುರಲಿಂಗ ತಿಳಿದ. ಅವನೂ ತನ್ನ ಎದೆ ಮುಟ್ಟಿಕೊಂಡು ಹೇಳಿದ: “ತೊಟ್ಟಿನ ಕಾಳಜಿ ನನಗ ಬಿಡ್ರಿ.”

ಹಬ್ಬದ ಮೂಲ ಕೇಳಿದ್ದಕ್ಕೆ ಅವತ್ತೇ ಅವರು ಹೇಳಿದ್ದು, ಗುರಲಿಂಗ ಅದನ್ನು ಆಮೇಲೆ ಅಂಗಡಿಯಲ್ಲಿ ತನ್ನದೇ ಸಂಶೋಧನೆಯಂತೆ ನಾಲ್ಕು ಜನಕ್ಕೆ ಹೇಳಿದ್ದ. “ಮೂಲ ಏನಿತ್ತೋ ಯಾರಿಗೆ ಗೊತ್ರಿ. ಒಕ್ಕಲುತನದ ಹಬ್ಬ. ಕಣದಾಗ ರಾಶಿ ಆಗಿ, ದ್ರಾಕ್ಷಿ ತುಳದ ಮುಗಿಯೂತನಾ ಹೊಲದಾಗ ಗುಡಸಲಾ ಹಾಕ್ಕೊಂಡ ಮಲಗತಿದ್ರು. ಆಮ್ಯಾಲ ಶಾಣ್ಯಾ ಮಂದಿ ಬಂದು, ಅದು ಹಂಗಲ್ಲ, ಈಜಿಪ್ತ ಬಿಟ್ಟ ನಲವತ್ತ ವರ್ಷ ಅಡವ್ಯಾಗ ಅಡ್ಡಾಡಿದ್ವಲ್ಲ, ಆ ಗುಡಸಲದ ನೆಪ್ಪಿಗೆ ಅಂದ್ರು. ಎರಡೂ ಖರೇನ ಇರಬೇಕು. ಗುಡಸಲಾ ಅಂತೂ ಗುಡಸಲಾನ. ಮುಂದ ನಮ್ಮ ಹಿರ್ಯಾರ ಹಡಗ ಕೊಂಕಣದ ದಂಡ್ಯಾಗ ಒಡೀತಂತ. ಪುಸ್ತಕ ಮುಳಗಿದ್ವು. ಹಬ್ಬದ ಹೆಸರ ಮರತ್ರು, ಗುಡಸಲಾ ಮರತ್ರು. ಖೀರ ಮರೀಲಿಲ್ಲ ನೋಡ್ರಿ! ಹೊಸ ಅಕ್ಕಿ, ತೆಂಗಿನ ಹಾಲು. ಖೀರೀಚಾ ಸಣ, ಖೀರಿನ ಹಬ್ಬ ಅಂತಿದ್ರು. ಎಷ್ಟೋ ವರ್ಷದ ಮ್ಯಾಲ ಕೊಚ್ಚಿ ಕಡಿಯಿಂದ ಗುರುಗಳು ಬಂದು, ಹುಚ್ಚಪ್ಪಗಳಿರಾ, ನೀವು ಉಣ್ಣಾಕತ್ತಿದ್ದು ಇದ ಹಬ್ಬ ಅಂದ್ರಂತ. ಹೌದು ಅನ್ನಾವ್ರು ಕೆಲವ್ರು, ಅಲ್ಲ ಅನ್ನಾವ್ರು ಕೆಲವ್ರು.” ಹೇಳಿ ಮುದುಕರು ನಕ್ಕಿದ್ದರು. ಗುರಲಿಂಗ ನಗಲಿಲ್ಲ. ಮರೆತದ್ದನ್ನು ಇಷ್ಟು ಧೈರ್ಯವಾಗಿ ಮರೆತೆವೆನ್ನುವವರನ್ನು ಅವನು ನೋಡಿರಲಿಲ್ಲ. ಅವನ ಮನೆಯಲ್ಲಿ ಮರೆತದ್ದನ್ನೆಲ್ಲ ಸುಣ್ಣ ಹಚ್ಚಿ ಮುಚ್ಚುತ್ತಿದ್ದರು.

ಅವನ ಅಜ್ಜ ತೇಲಿ. ಎಂದರೆ ಎತ್ತಿನ ಗಾಣ, ಎಣ್ಣೆ, ಹಿಂಡಿ. ಅಪ್ಪ ಪೇಟೆಗೆ ಬಂದವನೇ ಅಡ್ಡಹೆಸರನ್ನು ತೇಲಸಂಗ ಎಂದು ಉದ್ದ ಮಾಡಿದ. ಅಥಣಿ ಕಡೆಯ ಆ ಊರನ್ನು ಮನೆಯಲ್ಲಿ ಯಾರೂ ಕಣ್ಣಿನಿಂದ ಕಂಡವರಲ್ಲ. ಗಾಣ ಹೋಯಿತು, ಎತ್ತು ಹೋಯಿತು, ಬಸವಣ್ಣನ ಕುತ್ತಿಗೆಗೆ ನೊಗ ಇಡಬಾರದೆಂದು ಸೋಮವಾರ ಬಿಡುವು ಕೊಡುತ್ತಿದ್ದುದು ಮಾತ್ರ ಉಳಿದು, ಈಗ ಹತ್ತು ಹಾರ್ಸ್‌ಪವರಿನ ಮೋಟಾರು ಸೋಮವಾರಕ್ಕೊಮ್ಮೆ ಬಸವಣ್ಣನ ಹೆಸರಿನಲ್ಲಿ ಮಲಗುತ್ತದೆ. ಕೇಳಿದವರಿಗೆ ‘ಮಿಷನ್ ಮೆಂಟೆನನ್ಸ್’ ಎನ್ನುತ್ತಿದ್ದ ಗುರಲಿಂಗ. ಎರಡು ವರ್ಷದ ಹಿಂದೆ ಮಿರಜ ಸ್ಟೇಷನ್ನಿನ ಚಹಾದಂಗಡಿಯಲ್ಲಿ, ವ್ಯಾಪಾರಿ ಸಂಘದ ಜಯಕುಮಾರ ಶೇಠರಿಗೆ ತನ್ನ ಮನೆತನದ ಹಿರಿಮೆಯನ್ನು ವಿವರಿಸುತ್ತಿದ್ದಾಗ, ಪಕ್ಕದ ಬೆಂಚಿನ ಅಪರಿಚಿತ ಮುದುಕರೊಬ್ಬರು ತಿರುಗಿ, “ತೇಲಸಂಗ? ಸೋಮವಾರ ಗಾಣಾ ಬಂದ ಇಡಾವ್ರೇನ್ರಿ? ಅಂದ್ರ ಸೋಮವಾರ ತೇಲಿ! ನಾವು ಕೊಂಕಣದಾಗ ಶನಿವಾರ ತೇಲಿ. ಶನಿವಾರ ಎತ್ತ ಹೂಡತಿದ್ದಿಲ್ಲ, ಅದಕ್ಕ ಊರ ಮಂದಿ ಇಟ್ಟ ಹೆಸರು,” ಎಂದು ಎದ್ದು ಬಂದು, ಕಳೆದುಹೋದ ತಮ್ಮ ಸಿಕ್ಕ ಹಾಗೆ ತಬ್ಬಿಕೊಂಡುಬಿಟ್ಟಿದ್ದರು. ಶೇಠರು ಬಸಿಯೊಳಗಿನ ಚಹಾವನ್ನು ನಿಧಾನ ಊದಿ ಕುಡಿದರು. ಎಂಟು ದಿನದಲ್ಲಿ ಇಡೀ ಪೇಟೆಗೆ ಗುರಲಿಂಗ ‘ಸೋಮವಾರ’ ಆದ. ಆ ಅವಮಾನದ ಉರಿ ಆರಿರಲಿಲ್ಲ. ಆದರೂ ತಿಂಗಳಿಗೆರಡು ಸಲ ಅವನು ಆ ಮುದುಕರ ಪಡಸಾಲೆಗೆ ಹೋಗಿ ಕೂರುತ್ತಿದ್ದ. ಒಂದಂತೂ ಗೊತ್ತಿತ್ತು, ಯಾವತ್ತಾದರೊಂದು ದಿನ ಈ ಮುದುಕರು ತನ್ನ ಮುಂದೆ ಕೈಚಾಚಬೇಕು, ತಾನು ದೊಡ್ಡ ಮನಸ್ಸಿನಿಂದ ಕೊಡಬೇಕು, ಗುರಲಿಂಗಪ್ಪನವರೇ ಎಂದು ಅವರ ಬಾಯಲ್ಲಿ ಬರಬೇಕು. ಆ ದಿನ ಇವತ್ತು ಬಂದಿತ್ತು.

ಮಿರಜ ಮುಟ್ಟಿದಾಗ ನಾಲ್ಕು ಗಂಟೆ. ದವಾಖಾನೆಗಳ ಸಾಲಿನ ಎದುರು, ಜಮಖಂಡಿ ಮುಧೋಳದ ಪೇಷಂಟುಗಳ ಮಂದಿ ಗಂಟುಮೂಟೆ ಬಿಚ್ಚಿ ಕೂತಿದ್ದ ಮರದ ಕೆಳಗೆ ಚಹಾಕ್ಕೆ ನಿಂತ. ಒಳ್ಳೆಯತನಕ್ಕೆ ಸಾಕ್ಷಿ ಬೇಕಲ್ಲ. ಹಣ್ಣನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ಫೋಟೋ ತೆಗೆದು ಮಗಳಿಗೆ ಕಳಿಸಿದ. ಯೋಗಿತಾ ಸಾಂಗ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು; ಅಪ್ಪ ಯಹೂದಿ ಹಬ್ಬಕ್ಕೆ ಹೊರಟನೆಂದು ಎಲ್ಲವನ್ನೂ ಓದಿಕೊಂಡಿದ್ದಳು.

ಎರಡು ನಿಮಿಷಕ್ಕೆ ಫೋನೇ ಬಂತು. “ಪಪ್ಪಾ, ಟೋಕ ಕುಠೇ ಆಹೇ?” ತುದಿ ಎಲ್ಲಿ ಎಂದು ಕೇಳುತ್ತಿದ್ದಾಳೆ.

“ಯಾವ ತುದಿ? ತೊಟ್ಟು ನೋಡಲ್ಲಾ, ಹತ್ತಿ ಸುತ್ತೇನಿ. ಎಲಿ ಸುದ್ಧಾ ಅದಾವು.”

ಅದಲ್ಲ, ಇನ್ನೊಂದು ಕಡೆಯದು, ಎಂದಳು ಮಗಳು ಮರಾಠಿಯಲ್ಲಿ. ಒಂದು ಚಿತ್ರ ಕಳಿಸಿದಳು. ಚಿತ್ರದಲ್ಲಿ ಮಾದಳ, ಅದರ ಕೆಳತುದಿಯಲ್ಲಿ ಸಣ್ಣದೊಂದು ಮೊಲೆತೊಟ್ಟು. ಅದು ಮುರಿದರೆ ಮೊದಲ ದಿನದ ಪ್ರಾರ್ಥನೆಗೆ ಹಣ್ಣು ಬರುವುದಿಲ್ಲವಂತೆ. ಕಡ್ಡಿಯ ವಿಷಯ ಯಾರೂ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲವಂತೆ.

ಗುರಲಿಂಗನ ಕೈಯಲ್ಲಿ ಚಹಾ ತಣ್ಣಗಾಯಿತು. ಅಯ್ಯೋ ಶಿವನೇ. ಮುದುಕರು ಎದೆ ಮುಟ್ಟಿಕೊಂಡದ್ದು, ನಾಚಿಕೊಂಡದ್ದು, ಎರಡು ಸಲ ಬೆರಳು ಇಟ್ಟ ಜಾಗ! ಮೊಲೆ ಎಂಬ ಶಬ್ದವನ್ನು ಇನ್ನೊಬ್ಬ ಗಂಡಸಿನ ಮುಂದೆ ಹೇಳಲಾರದೆ, ಹುಬ್ಬಳ್ಳಿ ಲೈನಿನ ತುಂಡು ಕನ್ನಡದಲ್ಲಿ ಬರೀ ತೊಟ್ಟು ಎಂದಿದ್ದರು. ಕನ್ನಡವೇ ತನ್ನ ಮನೆಯ ಸೊತ್ತೆಂದು ಬೀಗುತ್ತಿದ್ದ ತಾನು ಅದೇ ಕನ್ನಡದ ಒಂದು ಶಬ್ದದ ತಪ್ಪು ತುದಿ ಹಿಡಿದು, ಬೇಡದ ಕಡ್ಡಿಗೆ ಹತ್ತಿ ಸುತ್ತಿ, ಬೇಕಾದದ್ದನ್ನು ಉಗುರಿನಿಂದ ಚಿವುಟಿ ಒಗೆದಿದ್ದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವನಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು, ಮುದುಕರ ಮೇಲೆ. ಇಂಥ ಮಾತನ್ನು ಬಿಡಿಸಿ ಹೇಳಬಾರದೇ? ಆಮೇಲೆ ತುಳಸವ್ವನ ಮೇಲೆ, ಆಮೇಲೆ ಒರೆಸುವ ಚಾಳಿ ಕಲಿಸಿದ ಅಪ್ಪನ ಮೇಲೆ. ಎಲ್ಲರ ಸರದಿ ಮುಗಿದ ಮೇಲೆ ತಾನೊಬ್ಬನೇ ಉಳಿದ. ಐವತ್ತು ವರ್ಷ ಕಾದವರ ಕೈಗೆ ತಾನು ಕೊಡಲಿರುವುದು ಇನ್ನೊಂದು ನಿಂಬೆಹಣ್ಣು.

“ಸಾಂಗೂನ ಟಾಕಾ ನಾ ಪಪ್ಪಾ,” ಎಂದಳು ಯೋಗಿತಾ. ಹೇಳಿಬಿಡಿ, ಅಷ್ಟೇ.

“ನಿನಗ ತಿಳಿಯೂದಿಲ್ಲ,” ಎಂದು ಅವನು ಫೋನು ಇಟ್ಟ. ಹೇಳಿಬಿಟ್ಟರೆ ಏನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ತಿಳಿದಿತ್ತು. ಮುದುಕರು ನಕ್ಕು, ಇರಲಿ ಬಿಡ್ರಿ ಸೋಮವಾರ, ಎನ್ನುತ್ತಾರೆ. ಆ ಕ್ಷಮೆಯನ್ನು ನೆನೆದೇ ಅವನ ಕಿವಿ ಬಿಸಿಯಾಯಿತು. ಡಿಕ್ಕಿ ತೆಗೆದು, ಮಡಿಸಿದ ಬಟ್ಟೆಯನ್ನು ಹೆಣ ಬಿಚ್ಚುವವನಂತೆ ಬಿಚ್ಚಿದ. ಎಣ್ಣೆಯ ಕಲೆಯ ನಡುವೆ, ಹುರಿಗಡಲೆಗಿಂತ ಸಣ್ಣದಾಗಿ, ಆ ಕಂದು ಕುಡಿ ಅಂಟಿಕೊಂಡಿತ್ತು. ಸಿಕ್ಕಿತು! ಅವನ ಮೈ ಜುಮ್ಮೆಂದಿತು. ದೇವರು ತನ್ನ ಕಡೆಗಿದ್ದಾನೆ ಎಂದು ಮೋಸಗಾರರಿಗೆ ಅನ್ನಿಸುವಷ್ಟು ಗಟ್ಟಿಯಾಗಿ ಒಳ್ಳೆಯವರಿಗೆ ಯಾವತ್ತೂ ಅನ್ನಿಸುವುದಿಲ್ಲ.

ಜೋಡಣೆ ಕಾಣದ ಹಾಗೆ ಜೋಡಿಸುವವರು ಮಿರಜದಲ್ಲಿ ಸಿತಾರದವರು. ರಮಜಾನ ಮಿಸ್ತ್ರಿಯ ಅಂಗಡಿಯಲ್ಲಿ ಒಣಗಿದ ದೊಡ್ಡ ದೊಡ್ಡ ಸೋರೆಬುರುಡೆಗಳು ಮಾಡಿನಿಂದ ತೂಗುತ್ತಿದ್ದವು. ಕೆಳಗೆ ಮರದ ಸಿಪ್ಪೆಯ ನಡುವೆ ಮಿಸ್ತ್ರಿ ಕೂತಿದ್ದ. ಅರ್ಧ ಗಿರಾಕಿಗಳು ಧಾರವಾಡದ ಕಡೆಯವರಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. ಗುರಲಿಂಗ ಒಂದು ಕೈಯಲ್ಲಿ ಹಣ್ಣು, ಇನ್ನೊಂದು ಕೈಯಲ್ಲಿ ಕುಡಿ ಹಿಡಿದು ವಿಷಯ ಹೇಳಿದಾಗ ಮಿಸ್ತ್ರಿ ಕನ್ನಡಕ ಸರಿಮಾಡಿಕೊಂಡ.

“ನಲವತ್ತ ವರ್ಷ ಆತ್ರಿ ಸಾವಕಾರ. ಒಡದ ತಂಬೂರಿ ಬಂದಾವು, ಒಡದ ಸಿತಾರ ಬಂದಾವು. ಒಡದ ಹಣ್ಣ ಇದ ಮೊದಲು. ಬಾರ್ಸಾವ್ರ ಯಾರು?”

“ದೇವರ ಕೆಲಸಕ್ಕ ಐತ್ರಿ. ಲಗೂ ಮಾಡ್ರಿ.”

“ಹಂಗಾರ ಸರಸ ಹಚ್ಚತೇನಿ. ನಂಬಿಕಿದ್ದು.” ಮೂಲೆಯ ಒಲೆಯ ಮೇಲಿದ್ದ ಡಬ್ಬಿಯನ್ನು ಎಳೆದುಕೊಂಡ.

ಕನ್ನಡದಲ್ಲಿ ಸರಸವೆಂದರೆ ಬೇರೆ, ಇಲ್ಲಿ ಅಂಟು. ವಾಸನೆ ಮೂಗಿಗೆ ಬಡಿದಾಗ ಗುರಲಿಂಗ ಕೇಳಬಾರದಿತ್ತು, ಕೇಳಿದ: “ಇದನ್ನ ಏನ್ರೀಲೆ ಮಾಡ್ತಾರ?”

“ಚರ್ಮಾ, ಎಲುಬು ಕುದಿಸಿ ಮಾಡ್ತಾರ್ರಿ.”

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಅಂಗಡಿಯ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತ. ಬೆಳ್ಳುಳ್ಳಿ ತಿಂದವರ ಪಂಕ್ತಿಯಲ್ಲೂ ಕೂರದಿದ್ದ ಅಜ್ಜಿ ನೆನಪಾದಳು. ಯಾವ ಪ್ರಾಣಿಯದೆಂದು ಕೇಳಲು ಬಾಯಿ ತೆರೆದು, ಉತ್ತರ ಬಂದರೆ ಇಬ್ಬರ ದೇವರಿಗೂ ಸಂಕಟವೆಂದು ಮುಚ್ಚಿಕೊಂಡ. “ಹಚ್ಚರಿ,” ಎಂದ. “ಜ್ವಾಡಣಿ ಕಾಣಬಾರದು. ಕೈಗೂ ಹತ್ತಬಾರದು.”

“ಕಣ್ಣಿಗೆ ಮೋಸ ಮಾಡಬಹುದ್ರಿ,” ಎಂದ ಮಿಸ್ತ್ರಿ, ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ ಇಟ್ಟು, ಕುಡಿಯನ್ನು ಕೂರಿಸಿ, ಹದಿನೈದು ನಿಮಿಷ ಉಸಿರು ಬಿಗಿಹಿಡಿದವನಂತೆ ಹಿಡಿದುಕೊಂಡು. “ಬೆರಳಿನ ಮಾತ ಹೇಳಾಕ ಬರೂದಿಲ್ಲ.” ಮೇಲೆ ಅರಿಷಿಣದ ಪುಡಿಯನ್ನು ಸವರಿ ಬಣ್ಣ ಸರಿ ಮಾಡಿದ. ದೇವರ ಕೆಲಸವೆಂದು ಮಜೂರಿ ಬೇಡವೆಂದ. ಬೇಡವೆಂದದ್ದು ಗುರಲಿಂಗನಿಗೆ ಬೈದ ಹಾಗಾಯಿತು.

ಪೇಣಕರರ ಹಿತ್ತಲಿನಲ್ಲಿ ಗುಡಿಸಲು ಎದ್ದಿತ್ತು. ನಾಲ್ಕು ಗಳ, ಮೂರು ಕಡೆ ಹಾಸಿಗೆಯ ಚಾದರ, ಮೇಲೆ ಕಬ್ಬಿನ ಒಣ ಗರಿಯ ರವದಿ. ಅದೂ ಆಕಾಶ ಕಾಣುವಷ್ಟು ತೆಳ್ಳಗೆ, ಯಾಕೆಂದರೆ ಮಾಡು ಭದ್ರವಾದರೆ ಅದು ಹಬ್ಬದ ಗುಡಿಸಲಲ್ಲ. ಬಾಗಿಲಿದ್ದ ಕಡೆ ಗಾರ್ಡಿನ ಹಸಿರು ಬಾವುಟ. ಒಳಗೆ ಒಂದು ಮೇಜು, ಎರಡು ಕುರ್ಚಿ. ಮೇಜಿನ ಮೇಲೆ ಒದ್ದೆ ಬಟ್ಟೆಯಲ್ಲಿ ಈಚಲ ಸುಳಿ, ಕೃಷ್ಣೆಯ ದಂಡೆಯಿಂದ ತರಿಸಿದ ವಾಳುಂಜ ಎಂಬ ನೀರಗಿಡದ ಕಡ್ಡಿ, ಪುಣೆಯಿಂದ ಬಂದ ಯಾವುದೋ ಘಮಘಮದ ಟೊಂಗೆ. ಪ್ರಾರ್ಥನೆಗೆ ಕೈಯಲ್ಲಿ ಹಿಡಿಯಬೇಕಾದ ನಾಲ್ಕರಲ್ಲಿ ಮೂರು ಬಂದಿದ್ದವು, ಮಾದಳವೊಂದೇ ಬಾಕಿ. ಬಿಳಿ ಅಂಗಿ ಹಾಕಿಕೊಂಡ ಮುದುಕರು ಹೆಜ್ಜೆಯ ಸದ್ದಿಗೇ ಎದ್ದು ನಿಂತರು.

“ಬರ್ರಿ ಬರ್ರಿ ಸೋಮವಾರ! ಕುಂದ್ರಿ. ತಂದೀರೇನ್ರಿ?” ಎರಡೂ ಕೈ ಚಾಚಿದರು. ಎರಡು ವರ್ಷದಿಂದ ಗುರಲಿಂಗ ಕಾದಿದ್ದ ಕೈ.

ಹಣ್ಣನ್ನು ತೆಗೆದುಕೊಂಡು ಮೂಗಿಗೆ ಹಿಡಿದರು. ಉದ್ದಕ್ಕೆ ಉಸಿರೆಳೆದರು. ಹುಬ್ಬು ಗಂಟಾಯಿತು. “ಹೊಲದಾಗ ಕುರಿ ಕೂಡ್ಸಿದ್ರೇನ್ರಿ?”

“ಹೌದ್ರಿ,” ಎಂದ ಗುರಲಿಂಗ. “ಹ್ವಾದ ತಿಂಗಳ. ನೂರ ಕುರಿ.” ನೂರು ಎಂದು ಯಾಕೆ ಹೇಳಿದೆನೋ ಅವನಿಗೇ ತಿಳಿಯಲಿಲ್ಲ.

“ಅದಕ್ಕ. ಛಲೋ ಗೊಬ್ಬರ.” ಮುದುಕರು ತಲೆಯಾಡಿಸಿದರು. “ನನಗ ಕಾಣೂದಿಲ್ಲ. ನಿಮ್ಮ ಕಣ್ಣೀಲೆ ನೋಡಿ ಹೇಳ್ರಿ. ಹಣ್ಣ ಪೂರಾ ಐತಿ?”

“ಪೂರಾ ಐತ್ರಿ.”

“ತೊಟ್ಟು?”

“ಐತ್ರಿ.” ಅದು ಸುಳ್ಳಲ್ಲ. ಇತ್ತು. ಎರಡೂ ಕಡೆ ಇತ್ತು.

“ಹಂಗಾರ ಕೊಟ್ಟೇನಿ ಅನ್ರಿ. ಮನಸ ಪೂರ್ವಕ. ಇಲ್ಲಾಂದ್ರ ನಂದಾಗೂದಿಲ್ಲ.”

“ಕೊಟ್ಟೇನ್ರಿ.”

ಮುದುಕರ ಮಬ್ಬುಗಣ್ಣಿನಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಖೀರಿನ ಬಟ್ಟಲನ್ನು ಅವನ ಕಡೆಗೆ ಸರಿಸಿ, ಹಗುರಾದ ಮನಸ್ಸಿನಿಂದ ಮಾತಾಡತೊಡಗಿದರು. “ನಿಮಗ ಸುಮ್ಮ ಗಾಬ್ರಿ ಹಚ್ಚಿದ್ನಿ ನೋಡ್ರಿ ತೊಟ್ಟು ತೊಟ್ಟು ಅಂತ. ಕೆಲವು ಹಣ್ಣ ತೊಟ್ಟಿಲ್ಲದ ಬೆಳೀತಾವು, ಅವು ನಡೀತಾವು. ಗಿಡದ ಮ್ಯಾಲ ತಾನ ಉದುರಿದ್ರೂ ನಡೀತೈತಿ. ಯಾರರೆ ಮುರದ್ರೂ, ಮೊದಲ ಎರಡ ದಿನ ಬಿಟ್ಟ ಮೂರನೇ ದಿನದಿಂದ ನಡೀತೈತಿ. ದೇವರೇನ ಅಷ್ಟ ಖಡಕ ಇಲ್ರಿ.”

ಗುರಲಿಂಗ ಬಟ್ಟಲಿನಲ್ಲಿ ಚಮಚ ಆಡಿಸುತ್ತ ಕೂತ. ಬರೀ ಬಾಯಿ ಮುಚ್ಚಿಕೊಂಡಿದ್ದರೂ ಸಾಕಾಗಿತ್ತು. ಮುರಿಯಿತು ಎಂದಿದ್ದರೂ ಎರಡು ದಿನದ ನಷ್ಟ, ಅಷ್ಟೇ. ಎಲುಬಿನ ಅಂಟು, ಅರಿಷಿಣ, ನೂರು ಕುರಿ, ಇದೆಲ್ಲ ಯಾರಿಗೆ ಬೇಕಾಗಿತ್ತು? ಯಾರಿಗೂ ಅಲ್ಲ, ತನಗೆ. ಸೋಮವಾರ ಎನ್ನಿಸಿಕೊಳ್ಳದೆ ಒಂದು ಸಂಜೆ ಕಳೆಯಬೇಕೆಂದು. ಅದೂ ಆಗಲಿಲ್ಲ, ಬಂದ ಕೂಡಲೇ ಅಂದುಬಿಟ್ಟರು. ಹೊರಗೆ ಬೆಳಕು ಇಳಿಯುತ್ತಿತ್ತು. ರವದಿಯ ಸಂದಿನಲ್ಲಿ ಚಂದ್ರ ಕಾಣತೊಡಗಿದ್ದ. ಆಗ ಅವನ ದೃಷ್ಟಿ ಮುದುಕರ ಕೈಯ ಮೇಲೆ ಬಿತ್ತು. ಹೆಬ್ಬೆರಳು ಹಣ್ಣಿನ ಮೈಯ ಗಂಟುಗಳ ಮೇಲೆ ಒಂದೊಂದಾಗಿ ನಡೆಯುತ್ತ, ಕೆಳಗಿಳಿಯುತ್ತ, ಕೊನೆಗೆ ತುದಿಯನ್ನು ಮುಟ್ಟಿತು. ಸುತ್ತ ಒಮ್ಮೆ ತಿರುಗಿತು. ಇನ್ನೊಮ್ಮೆ ತಿರುಗಿತು. ಅಲ್ಲೇ ನಿಂತಿತು. ಮುದುಕರ ಮಾತೂ ನಿಂತಿತು.

ಪಕ್ಕದ ಮನೆಯಲ್ಲಿ ಕೋಜಾಗಿರಿ ಹುಣ್ಣಿಮೆಯ ಹಾಲು ಕಾಯಿಸುವ ಪಾತ್ರೆಯ ಸದ್ದು. ಗುರಲಿಂಗನಿಗೆ ಈ ಸಲ ಬಂದದ್ದು ಸಿಟ್ಟಲ್ಲ. ಅಳುವಂತಾಯಿತು. ಹೇಳಿಬಿಡಬೇಕು, ಕಾಲು ಹಿಡಿದಾದರೂ ಹೇಳಿಬಿಡಬೇಕು, ನಾಳೆ ಬೆಳಿಗ್ಗೆ ಈ ಮುದುಕರು ಎದ್ದು ನಿಂತು ಅದನ್ನು ಹಿಡಿಯುವ ಮೊದಲು.

“ಗಾರ್ಡಸಾಹೇಬ್ರ, ನನ್ನಿಂದ ಒಂದ ತಪ್ಪ ಆಗೇತ್ರಿ. ಹೇಳಬೇಕಾಗೇತಿ.”

“ಹೊತ್ತ ಮುಳುಗೇತೇನ್ರಿ?”

ಗುರಲಿಂಗ ಚಾದರ ಸರಿಸಿ ನೋಡಿದ. “ಮುಳುಗೇತ್ರಿ.”

“ಹಂಗಾರ ಇಟ್ಕೊರ್ರಿ,” ಎಂದರು ಪೇಣಕರರು. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಡಿ ಹೋದ ಮೇಲೆ ಬಂದವರಿಗೆ ಹೇಳುವ ದನಿ. “ತಪ್ಪ ಹೇಳೂ ದಿನಾ ನಮ್ಮಲ್ಲಿ ಬ್ಯಾರೆ ಐತಿ. ಹ್ವಾದ ಗುರುವಾರ ಇತ್ತು. ದಸರಾದ ಬನ್ನಿ ತಗೊಂಡ ಬಂದ ನೀವು ಬಾಗಲಾ ಬಡದ್ರಿ, ನಾ ತಗೀಲಿಲ್ಲ. ಅವತ್ತ ನಮಗ ದಿನಾಪೂರ್ತಿ ಉಪಾಸ, ಬಾಗಲಾ ಬಂದ, ಮಾಡಿದ ತಪ್ಪ ಒಪ್ಪಿಕೊಳ್ಳೂದು ಒಂದ ಕೆಲಸ. ಸಂಜೀಕ ಮ್ಯಾಲ ದೇವರ ಬಾಗಲಾನೂ ಹಾಕಿದ್ರು. ಇನ್ನ ಮುಂದಿನ ವರ್ಷ.”

“ಅಲ್ರಿ, ನಾಳಿ ಮುಂಜಾನೆ ನೀವು ಅದನ್ನ ಹಿಡದು...”

“ನಾಳಿ ಮುಂಜಾನೆ ನಾ ಏನ ಹಿಡೀತೇನಿ, ಏನ ಬಿಡ್ತೇನಿ, ಅದು ನನಗೂ ಮ್ಯಾಲಿನವಗೂ ಬಿಟ್ಟದ್ದು. ಹಣ್ಣ ನಂದಲ್ರಿ ಈಗ? ಕೊಟ್ಟೇನಿ ಅಂದೀರಿ.” ಹೆಬ್ಬೆರಳು ಇನ್ನೂ ತುದಿಯ ಮೇಲೇ ಇತ್ತು. “ಇವತ್ತಿಂದ ಎಂಟ ದಿನ ಖುಷಿ ಇರಬೇಕ್ರಿ. ಬೇಕಾದ್ರ ಇರು ಅಂತಲ್ಲ, ಇರಾಕಬೇಕು ಅಂತ ಹುಕುಂ ಐತಿ. ಅಳೂದು, ಮೂಗ ಏರಸೂದು ನಡಿಯೂದಿಲ್ಲ. ಗುಡಸಲದಾಗ ಬಂದ ಪಾವಣ್ಯಾರಿಗೂ ಅದ ಹುಕುಂ. ನಗ್ರಿ.”

ಗುರಲಿಂಗ ತುಟಿ ಅಗಲಿಸಿದ. ಹಲ್ಲು ಕಾಣುವಷ್ಟು ಅಗಲಿಸಿ, ಹಾಗೇ ಹಿಡಿದುಕೊಂಡು ಕೂತ.

ಪೇಣಕರರು ತಲೆ ಓರೆ ಮಾಡಿ ಕಿವಿಗೊಟ್ಟರು.

“ನನಗ ಕಾಣೂದಿಲ್ರಿ,” ಎಂದರು. “ಸಪ್ಪಳಾ ಬರೂಹಂಗ ನಗ್ರಿ.”

ಗುರಲಿಂಗ ನಕ್ಕ.

“ಇನ್ನೊಂದೀಟು,” ಎಂದರು ಮುದುಕರು.